ಸೂಜಿಹುಲ್ಲಿನ ಆಯಿ

ಆಯಿ ತೀರಿಕೊಂಡು ಆರು ತಿಂಗಳಾಯಿತು. ಅವಳ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ನಮ್ಮವ್ವ ದಿನಾ ಬುದ್ಧಿ ಹೇಳುತ್ತಾಳೆ. ಹೇಳಲಿಕ್ಕೆ ಅವಳಿಗೇನು? ಆ ಮುದುಕಿಯ ಜೊತೆ ಒಂದು ಹುಲ್ಲು ಬೆಳೆಸಲು ವರ್ಷಗಟ್ಟಲೆ ಗುದ್ದಾಡಿದವಳು ನಾನು. ನಮ್ಮಿಬ್ಬರ ನಡುವೆ ಕೊನೆಗೆ ನಡೆದದ್ದು ಜಗಳ, ಅದೂ ಒಂದು ಎಮ್ಮೆಯ ಸಲುವಾಗಿ.

ಅವಳ ಹೆಸರು ಬರೆಯುವುದಿಲ್ಲ. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ನಾನು ಅದನ್ನು ಬಳಸಿದ್ದಿಲ್ಲ. ಗೌಳಿವಾಡೆಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಆಯಿ ಅಂದೆ.

ಜೊಯಿಡಾಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಅರಣ್ಯ ಇಲಾಖೆಯ ನರ್ಸರಿ ಇದೆ. ಎರಡು ಕೋಣೆಯ ಆಫೀಸು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಕಲ್ಲಿನಾಚೆ ಒಂದು ಸಣ್ಣ ಹಳ್ಳ. ಎದುರಿಗೆ ಗುಡ್ಡ, ಗುಡ್ಡದ ಬುಡದಲ್ಲಿ ಗೌಳಿವಾಡೆ. ಎಮ್ಮೆ ಸಾಕಿ ಹಾಲು ಬೆಣ್ಣೆ ಮಾರುವ, ಮನೆಯೊಳಗೆ ಮರಾಠಿ ಆಡುವ ಜನ. ದಾಂಡೇಲಿಯ ಗಿರಣಿ ಕೆಲಸಗಾರನ ಮಗಳು ನಾನು. ಧಾರವಾಡದಲ್ಲಿ ಕೃಷಿ ಡಿಪ್ಲೊಮಾ ಮುಗಿಸಿ ಈ ನರ್ಸರಿಯ ಉಸ್ತುವಾರಿಗೆ ಬಂದಾಗ ಆಯಿ ಅಲ್ಲಿ ದಿನಗೂಲಿ ಕೆಲಸದವಳು. ಮೊಣಕೈವರೆಗೆ ಬಳೆ, ಕಚ್ಚೆ ಸೀರೆ, ಸೊಂಟದಲ್ಲಿ ಎಲೆ ಅಡಿಕೆ ಚೀಲ. ನಗುವಾಗ ದನಿ ಬರುತ್ತಿರಲಿಲ್ಲ, ಬಳೆಗಳು ಮಾತ್ರ ಅಲುಗಾಡುತ್ತಿದ್ದವು. ಎಮ್ಮೆಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಸಿಟ್ಟು ಬಂದರೆ ನನ್ನ ಜೊತೆಗೂ ಮರಾಠಿ.

ಆ ಗುಡ್ಡದ ತುಂಬ ಒಂದು ಕಾಲಕ್ಕೆ ಸೂಜಿಹುಲ್ಲು ಇತ್ತಂತೆ. ರಸ್ತೆ ಅಗಲ ಮಾಡುವಾಗ ಮೇಲಿನ ಮಣ್ಣನ್ನೆಲ್ಲ ಕೆರೆದುಕೊಂಡು ಹೋದರು. ಉಳಿದದ್ದು ಕೆಂಪು ಜಲ್ಲಿ. ಅಲ್ಲಿ ಮತ್ತೆ ಸೂಜಿಹುಲ್ಲು ಬೆಳೆಸುವುದೇ ನನಗೆ ಒಪ್ಪಿಸಿದ ಕೆಲಸ. ಮೂರು ಮಳೆಗಾಲದೊಳಗೆ ಹುಲ್ಲು ನಿಂತರೆ ಗುಡ್ಡ ಹುಲ್ಲುಗಾವಲಾಗಿ ಉಳಿಯುತ್ತದೆ. ನಿಲ್ಲದಿದ್ದರೆ ಬೇಲಿ ಹಾಕಿ ಅಕೇಶಿಯಾ ನೆಡುತ್ತಾರೆ. ಬೇಲಿ ಬಿದ್ದರೆ ವಾಡೆಯ ಎಮ್ಮೆಗಳಿಗೆ ಮೇಯಲು ಜಾಗವೇ ಇಲ್ಲ. ನನಗೆ ಅದೊಂದು ಯೋಜನೆ, ಆಯಿಗೆ ಅದು ಮನೆಯ ಅಂಗಳ.

ಬಂದ ಹೊಸದರಲ್ಲಿ ಹಳ್ಳದಾಚೆಯ ದಿಬ್ಬಕ್ಕೆ ಕರೆದುಕೊಂಡು ಹೋಗಿ ಹುಲ್ಲು ತೋರಿಸಿದವಳು ಅವಳೇ. ಸೊಂಟದೆತ್ತರದ ಹುಲ್ಲು, ಗುಪ್ಪೆ ಗುಪ್ಪೆಯಾಗಿ ನಿಂತಿತ್ತು. ಒಮ್ಮೆ ಬೇರು ಬಿಟ್ಟರೆ ವರ್ಷವರ್ಷವೂ ಅದೇ ಬುಡದಿಂದ ಚಿಗುರುತ್ತದೆ. ದೀಪಾವಳಿ ಕಳೆದ ಮೇಲೆ ತೆನೆಯಲ್ಲಿ ಬೀಜ ಬಲಿಯುತ್ತದೆ. ಒಂದೊಂದು ಬೀಜಕ್ಕೂ ಸೂಜಿಯಂಥ ಮೂತಿ, ಹಿಂದೆ ತಿರುಚಿಕೊಂಡ ಬೆರಳುದ್ದದ ಕಪ್ಪು ಬಾಲ. ದಿಬ್ಬ ಇಳಿಯುವಷ್ಟರಲ್ಲಿ ನನ್ನ ಸೀರೆಯ ಅಂಚು, ಕಾಲುಚೀಲ ಎಲ್ಲ ಸೂಜಿಮಯ. ಕಿತ್ತಷ್ಟೂ ಒಳಗೇ ಹೋಗುತ್ತಿದ್ದವು.

"ಸೂಜಿ ಬರೂಮಟಾ ಎಮ್ಮಿಗೆ ಇದರಂಥಾ ಮೇವಿಲ್ರಿ ಬಾಯಾರ," ಅಂದಿದ್ದಳು ಆಯಿ. "ಸೂಜಿ ಬಂತಂದ್ರ ಮೂತಿ ಸೈತ ಹಚ್ಚಂಗಿಲ್ಲ. ಬಾಯಿಗೆ ಚುಚ್ಚತೈತಿ."

ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ. ದಿನಾಂಕ ಹಾಕಿ, ಕೆಳಗೆ ಗೆರೆ ಎಳೆದು. ಏನು ಪ್ರಯೋಜನ?

ಮೊದಲ ವರ್ಷ ನಾನು ಮಹಾ ಜಾಣತನ ಮಾಡಿದೆ. ಎರಡು ಚೀಲ ಬೀಜ ಕೂಡಿಸಿದೆವು. ಬಾಲಗಳು ಒಂದಕ್ಕೊಂದು ಸುತ್ತಿಕೊಂಡು ಜಡೆಗಟ್ಟಿದ ಕೂದಲಿನಂತಾಗಿದ್ದವು. ಇದನ್ನು ಬಿತ್ತುವುದು ಹೇಗೆ? ಮೂವರು ಹೆಂಗಸರನ್ನು ಕೂರಿಸಿ, ಕತ್ತರಿ ಕೊಟ್ಟು, ಒಂದೊಂದು ಬೀಜದ ಬಾಲವನ್ನೂ ಕತ್ತರಿಸಲು ಹಚ್ಚಿದೆ. ಆಯಿ ಹತ್ತು ದಿನ ತುಟಿ ಪಿಟಕ್ಕೆನ್ನದೆ ಕತ್ತರಿಸಿದಳು. ಹನ್ನೊಂದನೆಯ ದಿನ ಊಟದ ಹೊತ್ತಿಗೆ ಕೇಳಿದಳು.

"ಬಾಯಾರ, ಬಾಲಾ ಯಾಕ ಕತ್ತರಸಾಕ ಹಚ್ಚೀರಿ?"

"ಬಿತ್ತಾಕ ಸಸಾರ ಆಗತೈತಿ ಆಯಿ."

"ಹೂಂ. ನೋಡ್ಕೋತ ಇರ್ರಿ."

ಇದೇ ಅವಳ ಮಾತು. ನೋಡ್ಕೋತ ಇರ್ರಿ. ತಪ್ಪು ಮಾಡುತ್ತಿದ್ದೇನೆ ಅಂತ ಗೊತ್ತಿದ್ದೂ ಬಾಯಿ ಬಿಡದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆಂದು ನಾನೇನೂ ಎರಡನೆಯ ಸಲ ಕೇಳಲಿಲ್ಲ, ಅದೂ ನಿಜ. ಡಿಪ್ಲೊಮಾ ಮಾಡಿದವಳು, ಅಕ್ಷರ ಬಾರದ ಮುದುಕಿಯ ಹತ್ತಿರ ಏನು ಕೇಳುವುದು ಎಂಬ ಕೊಬ್ಬು.

ಕತ್ತರಿಸಿದ ಹಸಿ ಬೀಜವನ್ನು ಆಗಲೇ ಪ್ಲಾಸ್ಟಿಕ್ ಚೀಲಗಳ ಮಣ್ಣಿಗೆ ಹಾಕಿ ದಿನವೂ ನೀರು ಹನಿಸಿದೆವು. ಒಂದು ತಿಂಗಳಾಯಿತು, ಎರಡಾಯಿತು. ಒಂದೇ ಒಂದು ಮೊಳಕೆ ಕಾಣಲಿಲ್ಲ. ಚೀಲಗಳ ಸಾಲಿನ ಮುಂದೆ ಕೂತು ನಾನು ಅತ್ತೇಬಿಟ್ಟೆ. ಆಯಿ ತನ್ನ ತಂಬಿಗೆಯ ಹಾಲನ್ನು ನನ್ನ ಚಹಾಕ್ಕೆ ಸುರಿದು ಮುಂದೆ ಇಟ್ಟಳು. ಅವತ್ತಿನಿಂದ 'ರೀ' ಹೋಯಿತು.

"ಹಸಿ ಬಾಣಂತಿನ್ನ ಯಾರರ ಗದ್ದಿ ಕೆಲಸಕ್ಕ ಕಳಸ್ತಾರೇನ? ಅದಕ್ಕೂ ನಿದ್ದಿ ಬೇಕು, ಪೋರಿ."

"ಎಷ್ಟು ದಿನಾ ನಿದ್ದಿ ಮಾಡತೈತಿ ಆಯಿ?"

"ಮಳಿ ವಾಸನಿ ಬಂದಾಗ ಏಳತೈತಿ."

ಹೋಗಲಿ, ಮುಂದಿನ ಸಲ ಬೀಜವನ್ನು ಮುಚ್ಚಳದ ಡಬ್ಬಿಯಲ್ಲಿ ಆರೆಂಟು ತಿಂಗಳು ಮಲಗಿಸಿದೆ. ಬಾಲ ಮಾತ್ರ ಕತ್ತರಿಸುವುದನ್ನು ಬಿಡಲಿಲ್ಲ. ಮಳೆ ಬಿದ್ದ ಮೇಲೆ ಗುಡ್ಡದ ಮೇಲೆ ಸಾಲು ತೆಗೆದು, ಗೊಬ್ಬರ ಹಾಕಿ, ಎರಡು ಬೆರಳು ಆಳಕ್ಕೆ ಬೀಜ ಮುಚ್ಚಿದೆ. ಜೋಳಕ್ಕೆ ಮಾಡುವ ಹಾಗೆ, ಶಿಸ್ತಾಗಿ. ಗೊಬ್ಬರದ ಋಣ ತೀರಿಸಲು ಬಂದದ್ದು ತಗಚೆ ಗಿಡ. ಮೊಣಕಾಲೆತ್ತರ ಹಸುರೋ ಹಸುರು. ಪರಿಶೀಲನೆಗೆ ಬಂದ ದೊಡ್ಡ ಸಾಹೇಬರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, "ಹುಲ್ಲು ಚೆನ್ನಾಗಿ ಬಂದಿದೆ," ಅಂದರು. ಅದು ಹುಲ್ಲಲ್ಲ ಸರ್ ಅಂತ ನಾನೇ ಹೇಳಬೇಕಾಯಿತು. ಆಯಿ ಆಚೆ ಮುಖ ತಿರುಗಿಸಿ ನಿಂತಿದ್ದಳು. ಬಳೆಗಳು ಗಲಗಲ ಅಲುಗಾಡುತ್ತಿದ್ದವು.

"ನಗಬ್ಯಾಡ ಆಯಿ. ಬೇಲಿ ಬಿತ್ತಂದ್ರ ನಿಮ್ಮ ಎಮ್ಮಿ ಹೊರಗ ಬೀಳತಾವು, ನಂದಲ್ಲ," ಅಂದೆ.

ನಗು ನಿಂತಿತು. ಗುಡ್ಡವನ್ನು ಒಂದು ಸಲ ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಬರೂ ವರ್ಷ ನಿನ್ನ ಡಬ್ಬ್ಯಾಗಿಂದು ನೀ ಬಿತ್ತು. ನಂದು ನಾ ಬಿತ್ತತೇನಿ," ಅಂದಳು.

ಅವಳದ್ದು ಅಂದರೆ ಯಾವುದು? ಕೇಳಿದೆ. "ನೋಡ್ಕೋತ ಇರು."

ಆ ಚಳಿಗಾಲದಲ್ಲಿ ಅವಳು ಸತ್ತ ಗಂಡನ ಕರಿ ಕಂಬಳಿ ಹೊದ್ದು ಕೆಲಸಕ್ಕೆ ಬರತೊಡಗಿದಳು. ವಾಡೆಯಿಂದ ನರ್ಸರಿಗೆ ನೇರ ದಾರಿ ಇದೆ. ಅದನ್ನು ಬಿಟ್ಟು ಹಳ್ಳ ದಾಟಿ, ದಿಬ್ಬ ಹತ್ತಿ, ಸುತ್ತು ಹಾಕಿ ಬರುತ್ತಿದ್ದಳು. ಕಂಬಳಿ ಹೆಗಲ ಮೇಲೆ ಅರ್ಧ, ಹುಲ್ಲಿನ ಮೇಲೆ ಅರ್ಧ. ಬಂದು ಜಗುಲಿಯ ಮೇಲೆ ಕೂತರೆ ಆಸುಪಾಸಿನವರಿಗೆಲ್ಲ ಸೂಜಿ ಚುಚ್ಚುತ್ತಿತ್ತು.

"ಎತ್ತಿ ಹೊದ್ಕೋಬಾರದೇನ ಆಯಿ? ನೆಲಕ್ಕ ಎಳಕೋತ ಬರ್ತಿಯಲ್ಲ!"

"ಜಡ ಆಗತೈತಿ."

ಕಂಬಳಿಯ ಭಾರವೂ ಹೊರಲಾಗದು, ವಯಸ್ಸಾಯಿತು ಪಾಪ ಅಂದುಕೊಂಡೆ. ಸಂಕ್ರಾಂತಿ ಹೊತ್ತಿಗೆ ಕಂಬಳಿ ಮಾಯವಾಯಿತು. ನಾನು ಅದನ್ನು ಮರೆತೆ. ಮೇ ತಿಂಗಳ ಕೊನೆಗೆ ಒಂದು ಮೋಡದ ಮುಂಜಾನೆ ಅದನ್ನು ಹೊತ್ತು ತಂದು ಆಫೀಸಿನ ಜಗುಲಿಯ ಗಳಕ್ಕೆ ನೇತು ಹಾಕಿದಳು. ಹೊಗೆ ವಾಸನೆ ಅಂದರೆ ಏನು, ಮೂಗು ಮುಚ್ಚಿಕೊಳ್ಳಬೇಕು. ಮಸಿ, ಧೂಳು, ಅದರ ತುಂಬ ಸಾವಿರ ಸೂಜಿ. ಕೇಳುವಷ್ಟರಲ್ಲಿ ಅವಳು ಕೂತಲ್ಲೇ ನಡುಗತೊಡಗಿದಳು. ಮುಟ್ಟಿದರೆ ಮೈ ಕೆಂಡ. ಜೀಪು ತರಿಸಿ ದಾಂಡೇಲಿಯ ಆಸ್ಪತ್ರೆಗೆ ಕಳಿಸಿದೆ. ನಾಲ್ಕು ದಿನ ಮಲಗಿಸಿಕೊಂಡರು.

ಆ ನಾಲ್ಕು ದಿನದಲ್ಲಿ ನಾನು ಒಂದು ಪುಣ್ಯದ ಕೆಲಸ ಮಾಡಿದೆ. ಜ್ವರದಿಂದ ಎದ್ದು ಬರುವ ಮುದುಕಿ ಈ ಕೊಳಕು ಹೊದೆಯಬಾರದು ಅನಿಸಿತು. ಒಗೆಯುವ ಕಲ್ಲಿನ ಮೇಲೆ ಕಂಬಳಿ ಹರವಿ, ಚಿಮಟ ಹಿಡಿದು, ಮಧ್ಯಾಹ್ನವೆಲ್ಲ ಒಂದೊಂದು ಸೂಜಿಯನ್ನೂ ಕಿತ್ತು ಕಿತ್ತು ಪಕ್ಕಕ್ಕೆ ಎಸೆದೆ. ಬೆರಳ ತುದಿಯಲ್ಲಿ ರಕ್ತ ಬಂತು. ಹಾಳು ಹುಲ್ಲೇ ಅಂತ ಬೈದೆ. ಕೀಳಲಾಗದೆ ಉಳಿದವು ಸಾಯಲಿ ಅಂತ ಕುದಿಯುವ ನೀರಿಗೆ ಸೋಡಾ ಹಾಕಿ ಇಡೀ ಕಂಬಳಿ ಅದ್ದಿದೆ. ಮೂರು ನೀರಿನಲ್ಲಿ ತೆಗೆದೆ. ಒಣಗಿದ ಮೇಲೆ ಅಂಚಿನ ಬಿಳಿ ಪಟ್ಟಿ ಕಂಡಿತು. ಆ ಕಂಬಳಿಗೆ ಬಿಳಿ ಅಂಚು ಇದೆಯೆಂದು ಅವತ್ತೇ ಗೊತ್ತಾದದ್ದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅದೇ ಸಂಜೆ ಒಂದು ಅಡ್ಡಮಳೆ ಧೋ ಅಂತ ಸುರಿದು ಹೋಯಿತು.

ಆಯಿ ಆಸ್ಪತ್ರೆಯಿಂದ ನೇರ ನರ್ಸರಿಗೇ ಬಂದಳು. ಗಳದ ಮೇಲಿನ ಕಂಬಳಿ ನೋಡಿದಳು. ಹತ್ತಿರ ಹೋಗಿ ಅಂಗೈಯಿಂದ ಸವರಿದಳು. ಮೇಲಿನಿಂದ ಕೆಳಗೆ, ಮತ್ತೊಮ್ಮೆ ಮೇಲಿನಿಂದ ಕೆಳಗೆ.

"ಯಾರು ತೊಳದ್ರು?"

"ನಾನ ಆಯಿ! ಹೆಂಗ ಬಂದೈತಿ ನೋಡು. ಒಂದ ಸೂಜಿ ಉಳದಿಲ್ಲ."

"ಕಾಯ್ ಕೆಲಂಸ್ ಗ, ಪೋರಿ!" ಏನು ಮಾಡಿಬಿಟ್ಟೆಯೇ ಹುಡುಗಿ ಅಂತ. ಎಮ್ಮೆ ಬೆಣ್ಣೆಯ ಗಡಿಗೆ ಒದ್ದು ಉರುಳಿಸಿದಾಗಲೂ ಅವಳ ದನಿ ಅಷ್ಟು ಸೋತು ಬಂದದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಬಾಯಿ ಬಿಟ್ಟಳು. ಮೂರು ವರ್ಷ ನುಂಗಿಕೊಂಡದ್ದನ್ನೆಲ್ಲ ಅವತ್ತು ಒಂದೇ ಉಸುರಿನಲ್ಲಿ ಹೇಳಿದಳು. ಹುಲ್ಲಿನ ಬೀಜವನ್ನು ಕೈಯಿಂದ ಕೂಡಿಸಬಾರದು. ಕಂಬಳಿ ಎಳೆದುಕೊಂಡು ಹುಲ್ಲಿನ ನಡುವೆ ನಡೆಯಬೇಕು. ಬಲಿತದ್ದಷ್ಟೇ ಉಣ್ಣೆಗೆ ಹತ್ತುತ್ತದೆ, ಎಳೆಯದು ಗಿಡದಲ್ಲೇ ಉಳಿಯುತ್ತದೆ. ಆ ಕಂಬಳಿಯನ್ನು ಮಳೆಗಾಲದವರೆಗೆ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಬೇಕು. ಹೊಗೆ ಕುಡಿದಷ್ಟೂ ಬೀಜ ಚುರುಕಾಗುತ್ತದೆ, ಹುಳವೂ ಬೀಳುವುದಿಲ್ಲ. ಮೊದಲ ಮಳೆ ಬಿದ್ದ ಮರುದಿನ ಕಂಬಳಿ ಜಾಡಿಸಿ, ನೆಲದ ಮೇಲೆ ಹಾಗೇ ಉದುರಿಸಬೇಕು. ಮುಚ್ಚಬಾರದು, ಗೊಬ್ಬರ ಹಾಕಬಾರದು. ಮೊದಲ ವರ್ಷ ಕೊಯ್ಯಲೂಬಾರದು, ಬೇರು ಗಟ್ಟಿಯಾಗಬೇಕು.

"ಮುಚ್ಚದಿದ್ರ ಅದು ನೆಲಾ ಹೆಂಗ ಹೊಕ್ಕೋತೈತಿ?" ಅಂದೆ.

ಸೀರೆಯ ಮಡಿಕೆ ತಡಕಿ, ಎಲ್ಲಿಯೋ ಸಿಕ್ಕಿಕೊಂಡಿದ್ದ ಒಂದು ಸೂಜಿಯನ್ನು ತೆಗೆದು ಜಗುಲಿಯ ಮೇಲೆ ಇಟ್ಟಳು. ಚಹಾದ ಲೋಟದಲ್ಲಿ ಬೆರಳದ್ದಿ ಅದರ ಬಾಲದ ಮೇಲೆ ಒಂದು ಹನಿ ಬಿಟ್ಟಳು. ನೋಡುನೋಡುತ್ತ ಬಾಲದ ತಿರುಚು ಬಿಚ್ಚತೊಡಗಿತು. ಸೂಜಿ ನಿಧಾನಕ್ಕೆ ತಿರುಗಿತು, ಗಡಿಯಾರದ ಮುಳ್ಳಿನ ಹಾಗೆ. ಮೂತಿ ನೆಲಕ್ಕೆ ಒತ್ತಿ ಸಂದು ಹುಡುಕುತ್ತಿತ್ತು.

"ಬಾಲಾನ ಅದರ ಕೈ. ತಿರುಗಿ ತಿರುಗಿ ತಾನ ಹೊಕ್ಕೋತೈತಿ. ನೀ ಕೈ ಕತ್ತರಿಸಿ ಉಳುಮಿ ಮಾಡು ಅಂದಿ."

"ಮೊದಲ ಯಾಕ ಹೇಳಲಿಲ್ಲ?" ನಾನು ಕಿರುಚಿದೆ. "ಮೂರು ವರ್ಷ! ಒಂದ ಮಾತು!"

"ಕೇಳಿದ್ಯೇನ?"

ಒಗೆಯುವ ಕಲ್ಲಿನ ಹತ್ತಿರ ಓಡಿದೆ. ಮಳೆ ನೀರು ಹಳ್ಳಕ್ಕೆ ಹರಿದು ಹೋಗಿತ್ತು. ಬಗ್ಗಿ ಬಗ್ಗಿ ಹುಡುಕಿದರೂ ಒಂದು ಸೂಜಿ ಕೈಗೆ ಹತ್ತಲಿಲ್ಲ.

ಡಬ್ಬಿಯಲ್ಲಿದ್ದ ನನ್ನ ಬಾಲವಿಲ್ಲದ ಬೀಜವನ್ನೇ ಆ ಸಲ ಗುಡ್ಡದ ಮೇಲೆ ಚೆಲ್ಲಿದೆ. ಹಿಡಿದುಕೊಳ್ಳಲು ಬಾಲವಿಲ್ಲದ ಬೀಜ, ಒಂದೇ ದೊಡ್ಡ ಮಳೆಗೆ ರಸ್ತೆಯ ಗಟಾರ ಸೇರಿತು. ಆಗಸ್ಟಿನಲ್ಲಿ ದೊಡ್ಡ ಸಾಹೇಬರು ಬಂದರು, ಬೋಳು ಗುಡ್ಡ ನೋಡಿದರು, ಹೋದರು. ಹತ್ತು ದಿನದಲ್ಲಿ ಬೇಲಿ ಬಿತ್ತು. ಆಚೆ ದಿಬ್ಬವನ್ನೂ ಸೇರಿಸಿಕೊಂಡೇ ಕುಣಿ ತೋಡಿದರು, ಇದ್ದ ಸೂಜಿಹುಲ್ಲನ್ನೂ ಬುಡಸಮೇತ ಕಿತ್ತರು. ನೆಟ್ಟ ಅಕೇಶಿಯಾ ಸಸಿಗಳು ನನ್ನ ನರ್ಸರಿಯವೇ. ವಾಡೆಯವರು ಎಮ್ಮೆ ಹೊಡೆದುಕೊಂಡು ಎರಡು ತಾಸಿನ ದಾರಿ ನಡೆಯತೊಡಗಿದರು. ಮುಂಜಾನೆ ಆಯಿ ನನ್ನ ಎದುರೇ ಎಮ್ಮೆ ಬಿಟ್ಟುಕೊಂಡು ಹೋಗುವಾಗ ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಒಗೆಯುವ ಕಲ್ಲಿನ ಪಕ್ಕ ಕಾಲು ಇಟ್ಟವಳು ಹಾಗೇ ನಿಂತೆ. ಕಲ್ಲಿನ ಸುತ್ತ, ಸಂದಿಯಲ್ಲಿ, ಹಳ್ಳದ ದಂಡೆಯವರೆಗೆ ಸೂಜಿಹುಲ್ಲಿನ ಬುಡಗಳು! ನಾನು ಬೈದು ಎಸೆದ ಸೂಜಿಗಳು, ಮಳೆ ಬಿದ್ದ ಆ ಸಂಜೆಯೇ ತಿರುಗಿ ತಿರುಗಿ ನೆಲ ಹೊಕ್ಕಿದ್ದವು. ಆಯಿಯನ್ನು ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಅವಳು ಹುಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಬಳೆಗಳು ಅಲುಗಾಡಿದವು. "ಬೈಸ್ಕೊಂಡಷ್ಟೂ ಚಲೋ ಬರತೈತಿ ಇದು," ಅಂದಳು.

ಫೋಟೊ ತೆಗೆದು ಮೇಲಿನವರಿಗೆ ಕಳಿಸಿದೆ. ಪ್ರಯೋಗದ ಜಾಗ ಗುಡ್ಡ, ಬಟ್ಟೆ ಒಗೆಯುವ ಸ್ಥಳವಲ್ಲ ಅಂತ ಉತ್ತರ ಬಂತು. ಬೀಜ ಬಂದರೆ ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿರಿ ಅಂತಲೂ ಇತ್ತು. ನಾನು ಹುಲ್ಲಿನ ಸುತ್ತ ತಂತಿ ಕಟ್ಟಿ, 'ಮುಟ್ಟಬಾರದು' ಅಂತ ಫಲಕ ಹಾಕಿದೆ. ಡಬ್ಬಿ ತೊಳೆದು ಒಣಗಿಸಿ ಇಟ್ಟೆ. ಆಯಿ ಆ ಡಬ್ಬಿಯನ್ನು ಎತ್ತಿ, ಒಳಗೆ ಹಣಕಿ ನೋಡಿ, ಸುಮ್ಮನೆ ಕೆಳಗಿಟ್ಟಳು.

ಡಿಸೆಂಬರಿನಲ್ಲಿ ಬೀಜ ಬಲಿಯಿತು. ನಾಳೆ ಕೂಡಿಸಬೇಕು ಅಂದುಕೊಂಡು ದಾಂಡೇಲಿಗೆ ಹೋದೆ. ಮರುದಿನ ಬಂದರೆ ಒಂದು ತೆನೆಯಲ್ಲೂ ಸೂಜಿ ಇಲ್ಲ. ತಂತಿ ಬಾಗಿದೆ, ಹತ್ತಿರದಲ್ಲೇ ಆಯಿಯ ಎಮ್ಮೆ ಮೆಲುಕು ಹಾಕುತ್ತ ನಿಂತಿದೆ. ನನ್ನ ತಲೆ ಕೆಟ್ಟು ಹೋಯಿತು.

"ಆಯಿ! ನಿನ್ನ ಎಮ್ಮಿ ಎಲ್ಲಾ ತಿಂದು ಹಾಕೇತಿ!"

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು, ಬಹಳ ಹೊತ್ತು. ಏನನ್ನೋ ಕಾಯುತ್ತಿದ್ದಳು. ಕೊನೆಗೆ, "ಹೂಂ. ಎಮ್ಮಿನ ತಿಂದಿರಬೇಕು," ಅಂದಳು.

"ನಾಳಿಂದ ಈ ಕಡೆ ಎಮ್ಮಿ ತರಬ್ಯಾಡ. ನೀನೂ ಬರಬ್ಯಾಡ!"

ಬರಲಿಲ್ಲ. ನಾನೂ ಕರೆಯಲು ಹೋಗಲಿಲ್ಲ. ದೂರದಿಂದ ಕಂಡರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಐದು ತಿಂಗಳು ಹೀಗೇ ಕಳೆಯಿತು. ಮೇ ತಿಂಗಳಲ್ಲಿ ನಾನು ರಜೆಯ ಮೇಲಿದ್ದಾಗ ಮತ್ತೆ ಅದೇ ಜ್ವರ ಬಂತಂತೆ. ಈ ಸಲ ಜೀಪು ತರಿಸಲು ಯಾರೂ ಇರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಅವಳ ಸೊಸೆ ನರ್ಸರಿಗೆ ಬಂದಳು. ತಲೆಯ ಮೇಲೆ ಹಳೆ ಸೀರೆಯಲ್ಲಿ ಕಟ್ಟಿದ ಗಂಟು.

"ಅತ್ತಿ ಹಾಸಿಗಿ ಹೊದಿಕಿ ಎಲ್ಲಾ ಹೊಳಿಗೆ ಬಿಟ್ವಿರಿ ಬಾಯಾರ. ಇದೊಂದ ಬಿಡಬ್ಯಾಡ, ನಿಮ್ಮ ಕೈಯಾಗ ಕೊಡು ಅಂದಿದ್ಲು."

"ಮತ್ತೇನಂದ್ಲು?"

ಸೊಸೆ ಹಿಂದೆ ಮುಂದೆ ನೋಡಿದಳು. "ತೊಳೀಬ್ಯಾಡ ಅಂತ ಹೇಳು ಅಂದ್ಲುರಿ."

ಗಂಟು ಬಿಚ್ಚಿದೆ. ಹೊಗೆ ವಾಸನೆ ಮುಖಕ್ಕೆ ಹೊಡೆಯಿತು. ಕರಿ ಕಂಬಳಿ, ಅಂಚಿನ ಬಿಳಿ ಪಟ್ಟಿ ಮತ್ತೆ ಮಸಿಯಲ್ಲಿ ಮುಚ್ಚಿ ಹೋಗಿತ್ತು. ಅದರ ತುಂಬ ಸೂಜಿ. ನನ್ನ ಡಬ್ಬಿಗೆ ಹೋಗಬೇಕಾದ ಸೂಜಿ, ಒಂದೂ ಬಿಡದೆ. ನಾನು ದಾಂಡೇಲಿಯಲ್ಲಿದ್ದ ಸಂಜೆ ತಂತಿ ಬಗ್ಗಿಸಿದವಳು ಅವಳು. ಸೂಜಿ ಬಂದ ಹುಲ್ಲನ್ನು ಎಮ್ಮೆ ಮೂಸುವುದೂ ಇಲ್ಲ ಅಂತ ಮೊದಲ ದಿನವೇ ಹೇಳಿದವಳೂ ಅವಳು. ಅವತ್ತು ನನ್ನ ಮುಖ ದಿಟ್ಟಿಸಿ ಕಾದದ್ದು ಅದಕ್ಕೇ, ಈ ಹುಡುಗಿಗೆ ಈಗಲಾದರೂ ನೆನಪಾದೀತು ಅಂತ. ನನಗೆ ನೆನಪಾಗಲಿಲ್ಲ. ಮುದುಕಿಯನ್ನು ಹೊರಗೆ ಹಾಕಿದೆ.

ಗುಡ್ಡದ ನೆತ್ತಿಯ ಒಂದು ಪಟ್ಟಿಯಲ್ಲಿ ಅಕೇಶಿಯಾ ಹಿಡಿದಿರಲಿಲ್ಲ. ಬರೀ ಜಲ್ಲಿ, ಸಸಿಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ಬೇಲಿಯನ್ನು ಕೆಳಗೆ ಸರಿಸಿ ಆ ಪಟ್ಟಿಯನ್ನು ಹಾಗೇ ಬಿಟ್ಟಿದ್ದರು. ಜೂನಿನ ಮೊದಲ ಮಳೆಯ ಮರುದಿನ ಸೊಸೆ ಒಂದು ತುದಿ, ನಾನೊಂದು ತುದಿ ಹಿಡಿದು ಅಲ್ಲಿ ಕಂಬಳಿ ಜಾಡಿಸಿದೆವು. ಮುಚ್ಚಲಿಲ್ಲ. ಗೊಬ್ಬರ ಹಾಕಲಿಲ್ಲ. ಮೇಲಿನವರಿಗೆ ತಿಳಿಸಲೂ ಇಲ್ಲ.

ಈಗ ನವೆಂಬರ್. ನಿನ್ನೆ ಮುಂಜಾನೆ ಕಂಬಳಿ ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿದೆ. ಇಡೀ ಗುಡ್ಡ ಏನೂ ಹಸುರಾಗಿಲ್ಲ. ಒಂದು ಪಟ್ಟಿ, ಅಷ್ಟೇ. ಅಲ್ಲಲ್ಲಿ ಬೋಳು ಇದೆ. ಉಳಿದ ಕಡೆ ಹುಲ್ಲು ಮೊಣಕಾಲಿಗೆ ಬಂದಿದೆ, ತೆನೆಯಲ್ಲಿ ಸೂಜಿ ಕಪ್ಪಾಗಿವೆ. ನಾನು ನಿಂತು ನೋಡುತ್ತಿರುವಾಗ ವಾಡೆಯ ಎಮ್ಮೆಯೊಂದು ಹಿಂಡು ತಪ್ಪಿಸಿಕೊಂಡು ಮೇಲೆ ಬಂತು. ಆಯಿಯದೇ ಎಮ್ಮೆ, ಅವತ್ತು ನನ್ನಿಂದ ಬೈಸಿಕೊಂಡದ್ದು. ನೇರ ಹುಲ್ಲಿನ ಕಡೆ ನಡೆಯಿತು. ನನಗೆ ತಿಳಿಯದೆಯೇ ಬಗ್ಗಿ ಕಲ್ಲು ತೆಗೆದುಕೊಂಡಿದ್ದೆ.

ಎಮ್ಮೆ ಕುತ್ತಿಗೆ ಚಾಚಿತು. ಒಂದು ಸಲ ಮೂಸಿತು. ಮೂಗು ಸೀನಿ, ಹಿಂದೆ ಸರಿದು, ಬಂದ ದಾರಿಯಲ್ಲಿ ಇಳಿದು ಹೋಯಿತು.

"ಒಂದ ಮಾತು ಬಾಯಿ ಬಿಟ್ಟು ಹೇಳಿದ್ರ ನಿನ್ನ ಗಂಟೇನ ಹೋಗತಿತ್ತು ಆಯಿ?" ಅಂತ ಗಟ್ಟಿಯಾಗಿ ಬೈದೆ. ಗುಡ್ಡದ ಮೇಲೆ ಯಾರೂ ಇರಲಿಲ್ಲ. ಕಲ್ಲು ಕೈಬಿಟ್ಟೆ. ಆಮೇಲೆ ಕಂಬಳಿಯ ಅರ್ಧವನ್ನು ಹೆಗಲಿನಿಂದ ಕೆಳಗೆ ಬಿಟ್ಟು, ಹುಲ್ಲಿನ ಮೇಲೆ ಎಳೆಯುತ್ತ, ಈ ತುದಿಯಿಂದ ಆ ತುದಿಗೆ ನಡೆದೆ. ಜಡವಾಗಿತ್ತು.